ಬೀಗರ ಬೆನ್ನಿನ ಮಣ್ಣು

ನಮ್ಮಪ್ಪ ನಿಜವಾಗಿ ಎಷ್ಟು ದೊಡ್ಡ ಪೈಲ್ವಾನ್ ಆಗಿದ್ದರು ಅನ್ನುವ ವಾದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ. ನಾನು ಹುಟ್ಟುವ ಹೊತ್ತಿಗೆ ಅವರು ಗರಡಿ ಬಿಟ್ಟು ರಾಯದುರ್ಗದ ಪೇಟೆಯಲ್ಲಿ ಮನೆಯ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಅವರು ಕಣಕ್ಕಿಳಿದದ್ದನ್ನು ನಾನು ನೋಡಿಲ್ಲ, ನೋಡಿದವರ ಮಾತು ಕೇಳಿದ್ದೇನೆ ಅಷ್ಟೆ. ಆ ಮಾತುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತ ಒಬ್ಬರು, ಬಳ್ಳಾರಿಯಿಂದ ಹಿಂದೂಪುರದವರೆಗೆ ಇವರನ್ನು ಕೆಡವುವ ಗಂಡೇ ಇರಲಿಲ್ಲ ಅನ್ನುತ್ತಿದ್ದರು. ಅವರ ಪಕ್ಕದಲ್ಲೇ ಕೂತು ನಮ್ಮ ಅಂಗಡಿಯದೇ ಪುಟಾಣಿ ಮೆಲ್ಲುತ್ತಿದ್ದ ಇನ್ನೊಬ್ಬರು, "ಕೊಲ್ಲಾಪುರದ ಪೈಲ್ವಾನ್ರು ಒಮ್ಮೆ ಬಂದಿದ್ರ ಗೊತ್ತಾಗ್ತಿತ್ತು ಬಿಡ್ರಿ" ಅನ್ನುತ್ತಿದ್ದರು. ಅಪ್ಪ ತಲೆ ಎತ್ತದೆ ತೊಗರಿಬೇಳೆ ತೂಗುತ್ತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಲೂ ಇತ್ತು. ಒಮ್ಮೆ ಆ ಕೊಲ್ಲಾಪುರದ ಮಾತೆತ್ತಿದವರ ಕೈಯಿಂದ ಪುಟಾಣಿ ಪೊಟ್ಟಣ ಕಿತ್ತುಕೊಂಡು ವಾಪಸ್ ಡಬ್ಬಕ್ಕೆ ಸುರಿದುಬಿಟ್ಟೆ. ಅಪ್ಪ ಅವರಿಗೆ ಮತ್ತೊಂದು ಪೊಟ್ಟಣ ಕಟ್ಟಿಕೊಟ್ಟು ನನ್ನನ್ನು ಒಳಗೆ ಕರೆದರು. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಹೊಡೆಯಲಿಲ್ಲ.

"ಅವ್ವಿ, ಗೆದ್ದಾವ ತನ್ನ ಗೆಲುವು ತಾನ ಹೇಳಬಾರ್ದು. ಬಿದ್ದಾವ ಹೇಳಬೇಕು. ಗರಡಿ ರಿವಾಜು ಅದು."

"ಬಿದ್ದಾವ ಹೇಳಲಿಲ್ಲಂದ್ರ?"

"ಹೇಳ್ತಾನ. ಇವತ್ತಲ್ಲಾಂದ್ರ ನಾಳಿಗಿ ಹೇಳ್ತಾನ."

ಗರಡಿಯ ರಿವಾಜುಗಳಲ್ಲಿ ಇನ್ನೆರಡು ನನಗೆ ಗೊತ್ತಾದದ್ದೂ ಅವರಿಂದಲೇ. ಒಂದು, ಎರಡೂ ಭುಜ ಮಣ್ಣಿಗೆ ಮುಟ್ಟಿದರೆ ಮಾತ್ರ ಬಿದ್ದಂತೆ. ಒಂದೇ ಮುಟ್ಟಿದರೆ ಕುಸ್ತಿ ಮುಗಿದಿಲ್ಲ, ಮುಂದುವರಿಯಬೇಕು. ಅನುಮಾನ ಬಂದರೆ ಹಿರಿಯರು ಬಿದ್ದವನನ್ನು ತಿರುಗಿಸಿ ಬೆನ್ನು ನೋಡುತ್ತಾರೆ, ಮಣ್ಣು ಎಲ್ಲೆಲ್ಲಿ ಹತ್ತಿದೆ ಅಂತ. ಇನ್ನೊಂದು, ತೀರ್ಪಾದ ಮೇಲೆ ಬಿದ್ದವನ ಬೆನ್ನಿನ ಮಣ್ಣನ್ನು ಗೆದ್ದವನೇ ತನ್ನ ಕೈಯಾರೆ ಒರೆಸಬೇಕು. ಒರೆಸದೆ ಹೋದವನನ್ನು ಮತ್ತೆ ಯಾವ ಗರಡಿಯೂ ಕರೆಯುವುದಿಲ್ಲ.

ಅಪ್ಪನ ಹೆಸರೆಲ್ಲ ನಿಂತದ್ದು ಮಡಕಶಿರದ ಹತ್ತಿರದ ರತ್ನಗಿರಿಯ ಒಂದು ಕುಸ್ತಿಯ ಮೇಲೆ. ಯುಗಾದಿಯ ಮರುದಿನ ಕೋಟೆ ಗುಡ್ಡದ ಕೆಳಗೆ ಅಖಾಡ ಮಾಡಿದ್ದರಂತೆ. ಮಡಕಶಿರದ ಕಡೆಯ ಒಬ್ಬ ಹುಡುಗ ಆ ಸೀಮೆಯಲ್ಲಿ ಯಾರಿಗೂ ಬಿದ್ದಿರಲಿಲ್ಲ. ಅಪ್ಪ ಅವನಿಗಿಂತ ಕೆಲವು ವರ್ಷ ದೊಡ್ಡವರು. ಅವನನ್ನು ಕೆಡವಿ, ಗೆದ್ದವರಿಗೆಂದು ಇಟ್ಟಿದ್ದ ಬೆಳ್ಳಿ ಕಡಗ ಹಾಕಿಕೊಂಡು ರಾಯದುರ್ಗಕ್ಕೆ ಬಂದರು. ಅಜ್ಜನಿಗೆ ಕಾಯಿಲೆಯಾಗಿ ಅಂಗಡಿ ಇವರ ಮೇಲೆ ಬಿದ್ದದ್ದರಿಂದ ಅದೇ ಅವರ ಕೊನೆಯ ದೊಡ್ಡ ಕುಸ್ತಿಯೂ ಆಯಿತು. ಆಮೇಲೆ ಎಷ್ಟೋ ವರ್ಷ ಆ ಕಡಗ ಅವರ ಬಲಗೈಯಿಂದ ಇಳಿದದ್ದನ್ನು ನಾನು ಕಂಡಿಲ್ಲ. ಅಂಗಡಿಯ ಹಲಗೆ ಬಾಗಿಲು ಜೋಡಿಸುವಾಗ ಅದು ಟಣ್ ಟಣ್ ಅನ್ನುತ್ತಿತ್ತು, ಅದನ್ನು ಕೇಳಿ ಅವ್ವ ಒಳಗೆ ಒಲೆಯ ಮೇಲೆ ಹೆಂಚು ಇಡುತ್ತಿದ್ದಳು.

ನನ್ನನ್ನು ನೋಡಲು ಮಡಕಶಿರದಿಂದ ಗಂಡಿನವರು ಬಂದ ದಿನ ನಡೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಅಥವಾ ಹಾಗಂದುಕೊಂಡಿದ್ದೆವು. ಹುಡುಗನ ತಂದೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದವರು ಅಪ್ಪನನ್ನು ನೋಡಿ ಅಲ್ಲೇ ನಿಂತರು. ಅಪ್ಪನೂ ನಿಂತರು. ಮಧ್ಯಸ್ಥರು ಏನೋ ಎಡವಟ್ಟಾಯಿತೆಂದು ಗಾಬರಿಯಾದರು.

"ಅಯ್ಯೋ ನೀವಾ ಪೈಲ್ವಾನ್ರೇ!" ಅಂದರು ಹುಡುಗನ ತಂದೆ. ಅಂದವರೇ ತಿರುಗಿ ನಿಂತು, ಇನ್ನೂ ಮಣ್ಣು ಹತ್ತಿದೆಯೆಂಬಂತೆ, ಎಮ್ಮೆ ಮೈ ತಿಕ್ಕುವ ಹಾಗೆ ಬೆನ್ನನ್ನು ಬಾಗಿಲ ಚೌಕಟ್ಟಿಗೆ ತಿಕ್ಕಿದರು. ರತ್ನಗಿರಿಯಲ್ಲಿ ಬಿದ್ದ ಹುಡುಗ ಅವರೇ. ಇಬ್ಬರೂ ನಕ್ಕ ನಗುವಿಗೆ ನನ್ನ ಮದುವೆ ಅಲ್ಲೇ ಗಟ್ಟಿಯಾಯಿತು. ಹುಡುಗ ಹೇಗಿದ್ದಾನೆಂದು ನಾನಿನ್ನೂ ಸರಿಯಾಗಿ ನೋಡಿರಲೂ ಇಲ್ಲ.

ನಮ್ಮ ಕಡೆ ಬೀಗರಿಗೆ ಒಂದು ಹಕ್ಕಿದೆ. ಬೀಗರು ಏನಂದರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಹೋಳಿಗೆ ಬಡಿಸುವಾಗ ಮೆಣಸಿನಕಾಯಿ ಹಾಕಿ ಮಡಚಿ ಕೊಟ್ಟರೂ ತಿನ್ನಬೇಕು, ತಿಂದು ತಿರುಗಿಸಿ ಕೊಡಬೇಕು. ಬೀಗರು ಹೊಗಳಿದರೆ ತೆಗಳಿದರೆಂದು ತಿಳಿಯಬೇಕು, ತೆಗಳಿದರೆ ಮನಸ್ಸಿಗೆ ಬಂದಿದ್ದೇವೆಂದು ತಿಳಿಯಬೇಕು. ಬೀಗರ ಊಟದ ದಿನ ಹುಡುಗನ ತಂದೆ, ಅಂದರೆ ನನ್ನ ಮಾವ, ಎಲೆಯ ಮುಂದಿನಿಂದ ಎದ್ದು ನಿಂತು ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿದರು.

"ಎಲ್ರೂ ಕೇಳ್ರಪ್ಪೋ! ರತ್ನಗಿರೀಲಿ ನಂದು ಒಂದೇ ಭುಜ ಮುಟ್ಟಿದ್ದು. ತೀರ್ಪು ಹೇಳಿದೋನಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ನಮ್ ಬೀಗ್ರು ಮೋಸ ಮಾಡಿ ನನ್ ಕಡಗ ಹೊಡ್ಕೊಂಡು ಹೋದ್ರು. ಅದಕ್ಕೇ ಅವರ ಮಗಳನ್ನ ನಾನು ಹೊಡ್ಕೊಂಡು ಹೋಗ್ತಾ ಇದೀನಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲ್ಲರೂ ಅಪ್ಪನ ಕಡೆ ನೋಡಿದರು, ಅವರು ಇದಕ್ಕೆ ದುಪ್ಪಟ್ಟು ಏನು ಕೊಡುತ್ತಾರೆಂದು. ಬೀಗರಾಗಿ ಅವರು ತಿರುಗಿಸಿ ಕೊಡಬೇಕಿತ್ತು. ಪೈಲ್ವಾನರಾಗಿ ತಮ್ಮ ಗೆಲುವನ್ನು ತಾವು ಹೇಳುವಂತಿರಲಿಲ್ಲ. ಅಪ್ಪ ಮೀಸೆಯ ಕೆಳಗೆ ನಕ್ಕು, ಅನ್ನಕ್ಕೆ ಸಾರು ಕಲಸಿಕೊಂಡರು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ನನ್ನ ಮಕ್ಕಳ ನಾಮಕರಣದಲ್ಲಿ, ಅಣ್ಣನ ಮನೆಯ ಗೃಹಪ್ರವೇಶದಲ್ಲಿ, ಕೊನೆಗೆ ನಮ್ಮವ್ವ ತೀರಿಕೊಂಡ ವರ್ಷ ಅಪ್ಪನನ್ನು ನಗಿಸಬೇಕೆಂದು ಕೂಡ, ಮಾವ ಅದೇ ಮಾತು ತೆಗೆದರು. ಒಂದೇ ಭುಜ, ಮೋಸ, ನನ್ನ ಕಡಗ. ಅಪ್ಪ ಅದೇ ನಗು ನಕ್ಕರು. ಮಡಕಶಿರದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ರೇಷ್ಮೆ ಗೂಡು ಮಾರಲು ಹೊರಟವರು ನನ್ನನ್ನು ಕಂಡರೆ, "ಒಂದೇ ಭುಜದ ಪೈಲ್ವಾನ್ರ ಮಗಳು" ಅನ್ನುತ್ತಿದ್ದರು. ಆ ಊರಲ್ಲಿ ರತ್ನಗಿರಿಯ ಕುಸ್ತಿ ಕಂಡವರು ಯಾರೂ ಉಳಿದಿರಲಿಲ್ಲ, ಮಾವನ ಚೇಷ್ಟೆಯೇ ಚರಿತ್ರೆಯಾಗಿತ್ತು. ನಾನು ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಆಮೇಲೆ ಸಾಕಾಯಿತು, ನಾನೂ ನಗತೊಡಗಿದೆ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಮರೆವು ಶುರುವಾಯಿತು. ಅಷ್ಟರಲ್ಲಿ ಕಿರಾಣಿ ಅಂಗಡಿ ಮುಚ್ಚಿ, ಅದೇ ಜಾಗದಲ್ಲಿ ಅಣ್ಣ ಜೀನ್ಸ್ ಹೊಲಿಯುವ ಮಿಷಿನ್‌ಗಳನ್ನು ಹಾಕಿದ್ದ. ಗುಮ್ಮಘಟ್ಟದ ಕಡೆಯ ಹೆಣ್ಣುಮಕ್ಕಳು ಬೆಳಿಗ್ಗೆ ಆಟೋ ತುಂಬ ಬಂದು ಇಳಿಯುತ್ತಿದ್ದರು. ಅಪ್ಪ ಅವರನ್ನು ಗಿರಾಕಿಗಳೆಂದುಕೊಂಡು, "ಏನ್ ಕೊಡ್ಲೆವ್ವ?" ಅಂತ ಕೇಳುತ್ತಿದ್ದರು. ಅವರೂ ಪಾಪ, "ಅರ್ಧ ಕೇಜಿ ಸಕ್ರಿ ಕೊಡ್ರಿ ತಾತ" ಅನ್ನುತ್ತಿದ್ದರು. ಇದರಲ್ಲಿ ನಮಗೆ ದುಃಖಕ್ಕಿಂತ ನಗುವೇ ಹೆಚ್ಚಿತ್ತು. ಆಮೇಲೆ ಅವ್ವ ಎಲ್ಲಿ ಅಂತ ಕೇಳತೊಡಗಿದರು. ಆಗ ನಗು ನಿಂತಿತು.

ಒಂದು ಸಲ ನಾನು ಹೋದಾಗ ಅಪ್ಪ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಕಟ್ಟೆಗೆ ಬರುವುದನ್ನೇ ಬಿಟ್ಟಿದ್ದಾರೆ ಅಂದಳು ಅತ್ತಿಗೆ. ಯಾರಾದರೂ 'ಪೈಲ್ವಾನ್ರೇ' ಅಂದರೆ ಮುಖ ಮುಚ್ಚಿಕೊಳ್ಳುತ್ತಾರಂತೆ. ನಾನು ಹತ್ತಿರ ಕೂತೆ. ನನ್ನ ಗುರುತು ಸಿಕ್ಕಿತು. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಅವ್ವಿ, ನಾ ರತ್ನಗಿರ್ಯಾಗ ಮೋಸ ಮಾಡಿ ಗೆದ್ದೆನಂತ. ಹೌದೇನು?"

"ಯಾರಂದ್ರಪ್ಪ ಹಂಗ?"

"ಎಲ್ರೂ ಅಂತಾರಲ್ಲ. ಒಂದ ಭುಜ ಮುಟ್ಟಿತ್ತಂತ. ಆ ಹುಡುಗಂದು ಕಡಗ ನಾ ಹಾಕ್ಕೊಂಡು ತಿರುಗೀನಿ. ಇಷ್ಟು ವರ್ಷ ನಾಚಿಕಿ ಇಲ್ದ." ಬಲಗೈ ಮುಂದೆ ಚಾಚಿದರು. ತೋಳು ಎಷ್ಟು ಸೊರಗಿತ್ತೆಂದರೆ ಕಡಗ ತಾನಾಗಿಯೇ ಜಾರಿ ಅಂಗೈಗೆ ಬಂತು. "ಇದನ್ನ ಅವ್ರಿಗಿ ಕೊಟ್ಟು ಬಾ. ತಪ್ಪಾತು ಅಂತ ಹೇಳು."

ನಾನು ಏನು ಹೇಳಿದರೂ ಕೇಳಲಿಲ್ಲ. ಯಾಕೆ ಹೀಗಾಯಿತೆಂದು ನನಗೆ ಆಮೇಲೆ ಹೊಳೆಯಿತು. ತಮ್ಮ ಗೆಲುವನ್ನು ಅವರು ಒಂದು ದಿನವೂ ಬಾಯಿ ಬಿಟ್ಟು ಹೇಳಿದವರಲ್ಲ. ಹೇಳದೆ ಒಳಗೇ ಇಟ್ಟುಕೊಂಡದ್ದು ಮರೆವಿನ ಜೊತೆ ಹೋಗಿತ್ತು. ಬೇರೆಯವರು ವರ್ಷ ವರ್ಷವೂ ಕಿವಿಯ ಹತ್ತಿರ ಕೂಗಿದ್ದು ಮಾತ್ರ ಉಳಿದಿತ್ತು. ಅವರು ದೊಡ್ಡ ಪೈಲ್ವಾನ್ ಆಗಿರಬೇಕೆಂದು ನನಗೇನೂ ಹಟವಿಲ್ಲ. ನಾಲ್ಕಾರು ತಾಲ್ಲೂಕಿಗೆ ಗೊತ್ತಿದ್ದ ಒಳ್ಳೆಯ ಪೈಲ್ವಾನ್, ಅಷ್ಟೇ ಇರಬಹುದು. ಆದರೆ ತೂಕದಲ್ಲಿ ಒಂದು ಕಾಳು ತಪ್ಪದ ಮನುಷ್ಯ ತಾನೊಬ್ಬ ಮೋಸಗಾರ ಅಂದುಕೊಂಡು ಸಾಯಬಾರದು. ಆಗ ನನಗೆ ಬೇಕಿದ್ದದ್ದು ಅದೊಂದೇ.

ಕಲ್ಯಾಣದುರ್ಗದಲ್ಲೊಮ್ಮೆ, ಪಾವಗಡದಲ್ಲೊಮ್ಮೆ ಬಸ್ಸು ಬದಲಾಯಿಸಿ ಮಡಕಶಿರಕ್ಕೆ ಬರುವವರೆಗೂ ಕಡಗ ನನ್ನ ಸೆರಗಿನಲ್ಲಿ ಗಂಟು ಹಾಕಿತ್ತು. ಮನೆಗೆ ಬಂದಾಗ ಮಾವ ರೇಷ್ಮೆ ಹುಳುಮನೆಯಲ್ಲಿ ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಅಂಟಿದ ಹಳೆಯ ರೇಷ್ಮೆ ಎಳೆ ಕೀಳುತ್ತಿದ್ದರು. ನಾನು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಕಡಗವನ್ನು ಅವರ ಮುಂದೆ ನೆಲಕ್ಕೆ ಕುಕ್ಕಿದೆ.

"ತಗೊಳ್ಳಿ ಮಾವ ನಿಮ್ಮ ಕಡಗ. ನಿಮ್ಮ ಬೀಗರು ತಪ್ಪಾಯಿತು ಅಂದಿದ್ದಾರೆ."

ಅವರು ಮೊದಲು ನಗಲು ಹೊರಟರು. ನನ್ನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಎಲ್ಲವನ್ನೂ ಹೇಳಿದೆ, ಮೆತ್ತಗೇನೂ ಹೇಳಲಿಲ್ಲ. ಕೇಳಿ ಮುಗಿದ ಮೇಲೆ ಅವರು ಕಡಗ ಮುಟ್ಟದೆ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ರಾತ್ರಿ ಊಟ ಬೇಡ ಅಂದರು. ಮರುದಿನ ನಾನು ಎದ್ದು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದರು.

"ನಡೀಯಮ್ಮ. ನಾನೇ ಹೇಳ್ತೀನಿ ಬೀಗ್ರಿಗೆ."

ಪಾವಗಡದಲ್ಲಿ ಬಸ್ಸು ಬದಲಾಯಿಸಿದೆವು. ಆಮೇಲೆ ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಎರಡೂ ಮುಟ್ಟಿತ್ತು ಕಣಮ್ಮ. ಬಿದ್ದೋನಿಗೆ ಗೊತ್ತಾಗಲ್ವಾ?"

"ಮತ್ತೆ ಇಷ್ಟು ವರ್ಷ ಯಾಕೆ ಹಂಗಂದ್ರಿ?"

"ನಿಮ್ಮಪ್ಪ ಒಂದ್ ಸಲನಾದ್ರೂ ಎದುರು ಮಾತಾಡ್ಲಿ ಅಂತ. 'ಲೇ, ಸುಳ್ಳು ಹೇಳ್ಬೇಡ, ಎರಡೂ ಮುಟ್ಟಿತ್ತು' ಅಂತ ಅಂದ್ಬಿಟ್ಟಿದ್ರೆ, ಹೂಂ ಕಣಪ್ಪ, ಮುಟ್ಟಿತ್ತು ಅಂತ ಅವತ್ತೇ ಒಪ್ಕೊಂಡ್ಬಿಡ್ತಿದ್ದೆ. ಆಯಪ್ಪ ಅನ್ನಲೇ ಇಲ್ಲ."

ಅವರು ಅನ್ನುವಂತಿರಲಿಲ್ಲ ಮಾವ ಅಂತ ಹೇಳಲು ಹೊರಟೆ. ಗರಡಿಯ ಮಣ್ಣು ತಿಂದವರಿಗೆ ರಿವಾಜು ನಾನು ಹೇಳಿಕೊಡಬೇಕೆ ಅನ್ನಿಸಿತು. ಅವರ ಕಣ್ಣಲ್ಲಿ ನೀರಿತ್ತು.

ರಾಯದುರ್ಗದಲ್ಲಿ ಅಪ್ಪ ಬೀಗರನ್ನು ಕಂಡವರೇ ಎದ್ದು ನಿಂತರು. ಮರೆವು ಎಲ್ಲವನ್ನೂ ತಿಂದರೂ ಮರ್ಯಾದೆಯನ್ನು ಬಿಟ್ಟಿತ್ತು. "ಬರ್ರಿ ಬರ್ರಿ, ಕುಂದ್ರಿ" ಅಂದರು. ಮಾವ ಕೂರಲಿಲ್ಲ.

"ಬೀಗ್ರೇ, ನಾನು ನಿಮಗೆ ಬಿದ್ದೋನು. ರತ್ನಗಿರೀಲಿ ನಂದು ಎರಡೂ ಭುಜ ಮುಟ್ಟಿತ್ತು. ನೀವು ಮೋಸ ಮಾಡ್ಲಿಲ್ಲ."

ಅಪ್ಪ ಅವರನ್ನೇ ನೋಡಿದರು. ಅದೇ ಹಳೆಯ ನಗು ಮೀಸೆಯ ಕೆಳಗೆ ಬಂತು. "ಬೀಗರು ಅಂದ ಮ್ಯಾಲ ಚ್ಯಾಷ್ಟಿ ಮಾಡೋದು ನಿಮ್ಮ ಹಕ್ಕು. ಮಾಡ್ರಿ" ಅಂದರು. ನಗು ಹೋಯಿತು, ಕೈ ಮುಗಿದರು. "ನಿಮ್ಮ ಕಡಗ ಮುಟ್ಟಿತಲ್ರಿ? ತಪ್ಪಾತು."

ಮಾವ ಮತ್ತೆ ಮತ್ತೆ ಹೇಳಿದರು. ಆಣೆ ಇಟ್ಟರು. ಹೇಳಿದಷ್ಟೂ ಅಪ್ಪ ಅದನ್ನು ಚೇಷ್ಟೆಯೆಂದೇ ತಿಳಿದರು. ಬೀಗರ ಬಾಯಿಂದ ಬಂದ ನಿಜವನ್ನು ನಿಜವೆಂದು ಹಿಡಿಯುವ ರೂಢಿಯೇ ನಮ್ಮಲ್ಲಿಲ್ಲ.

ಮರುದಿನ ಮಾವ ಕಟ್ಟೆಯ ಮುದುಕರನ್ನು ಒಟ್ಟುಗೂಡಿಸಿದರು. ನೋಡಿದವರೇ ಬಂದು ಸಾಕ್ಷಿ ಹೇಳಲಿ ಅನ್ನುವುದು ಅವರ ಲೆಕ್ಕ. ಅಣ್ಣ ಅಪ್ಪನನ್ನು ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಹತ್ತಿ ಅಡತಿ ಅಂಗಡಿಯಲ್ಲಿದ್ದ ಒಬ್ಬರು ಶುರು ಮಾಡಿದರು. "ಆ ವಯಸ್ಸಿನ್ಯಾಗ ಇವ್ರ ಹಿಡಿತ ಅಂದ್ರ ಹಿಡಿತರಿ. ಕೈ ಸಿಕ್ರ ಮುಗೀತು." ಕೊಲ್ಲಾಪುರದ ಮಾತೆತ್ತುತ್ತಿದ್ದವರು ಇನ್ನೂ ಬದುಕಿದ್ದರು, ಹಲ್ಲಿಲ್ಲದ್ದರಿಂದ ಪುಟಾಣಿ ಮಾತ್ರ ಬಿಟ್ಟಿದ್ದರು. "ಹಿಡಿತ ಖರೆ. ಆದ್ರ ಪಟ್ಟು ಒಂದ ಇತ್ರಿ. ಎಡಗಡಿ ಕಾಲು ಹಾಕೋದು, ಎಳಿಯೋದು. ದೊಡ್ಡಾವ್ರ ಮುಂದ ಅದು ನಡಿತಿರ್ಲಿಲ್ಲ" ಅಂದರು. ಇನ್ನೊಬ್ಬರು ಅವರಿಗೆ ತೆಲುಗಿನಲ್ಲಿ ಬೈದರು. ಅವರೂ ತೆಲುಗಿನಲ್ಲೇ ತಿರುಗಿಸಿ ಕೊಟ್ಟರು. ಮಾವ ಎದ್ದು ನಿಂತು, "ದೊಡ್ಡೋರು ಅಂದ್ರೆ ಯಾರ್ರೀ? ನಾನು ದೊಡ್ಡೋನಲ್ವಾ? ನನ್ನ ಕೆಡವಿದ್ರಲ್ಲ!" ಅಂತ ಕೂಗಿದರು.

"ನಿಮ್ಮದು ಒಂದ ಭುಜ ಅಂತ ನೀವ ಹೇಳ್ತಿದ್ರಲ್ರಿ!" ಅಂದರು ಅದೇ ಹಲ್ಲಿಲ್ಲದ ಮುದುಕರು.

ಅಪ್ಪ ಕುರ್ಚಿಯಿಂದ ಮೆಲ್ಲಗೆ ಎದ್ದರು. "ಅವ್ರು ಹೇಳೋದು ಖರೇ ಐತಿ. ನಾ ಅಷ್ಟೇನ್ ಚಲೋ ಇರ್ಲಿಲ್ರಿ" ಅಂದು ಒಳಗೆ ನಡೆದರು. ಆ ಮುದುಕರ ಮೇಲೆ ನನಗೆ ಬಂದ ಸಿಟ್ಟಿಗೆ ಪುಟಾಣಿ ಪೊಟ್ಟಣ ಸಾಲುತ್ತಿರಲಿಲ್ಲ. ಆದರೆ ಅವರ ತಪ್ಪೇನಿತ್ತು? ವರ್ಷಗಟ್ಟಲೆ ಮಾಡಿದ ವಾದವನ್ನೇ ಮಾಡಿದ್ದರು. ಇಷ್ಟು ದಿನ ಅಪ್ಪನಿಗೆ ಅದನ್ನು ಕೇಳಿಯೂ ನಕ್ಕುಬಿಡುವ ಶಕ್ತಿ ಇತ್ತು.

ಆ ಸಂಜೆ ಮಾವ ನನ್ನನ್ನು ಕರೆದುಕೊಂಡು ಗರಡಿಗೆ ಹೋದರು. ಗರಡಿಯ ಅರ್ಧ ಭಾಗದಲ್ಲಿ ಈಗ ಯಾರೋ ಶಾಮಿಯಾನದ ಕಂಬ, ಕುರ್ಚಿ ಪೇರಿಸಿಟ್ಟಿದ್ದಾರೆ. ಹೆಂಗಸರು ಒಳಗೆ ಹೋಗುವಂತಿಲ್ಲವಾದ್ದರಿಂದ ನಾನು ಬೀದಿಯಲ್ಲಿ ನಿಂತೆ. ಮಾವ ಹೊಸ್ತಿಲಿಗೆ ಕೈ ಮುಟ್ಟಿಸಿ ನಮಸ್ಕರಿಸಿ ಒಳಗೆ ಹೋದವರು ಟವೆಲ್ಲಿನ ತುದಿಯಲ್ಲಿ ಕೆಮ್ಮಣ್ಣು ಕಟ್ಟಿಕೊಂಡು ಬಂದರು. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಬಿದ್ದು ಎಷ್ಟು ಕಾಲವಾಗಿತ್ತೋ, ಆದರೂ ವಾಸನೆ ಹೋಗಿರಲಿಲ್ಲ. ನಮ್ಮ ಹಳೆಯ ಮನೆಯಲ್ಲಿ ಅಪ್ಪನ ಲಂಗೋಟಿ ಇಟ್ಟ ಟ್ರಂಕಿಗೆ ಅದೇ ವಾಸನೆ ಇತ್ತು.

ಮನೆಗೆ ಬಂದು ಮಾವ ಅಂಗಿ ಬನಿಯನ್ ಕಳಚಿದರು. "ಹಚ್ಚಮ್ಮ" ಅಂದರು. ಮಾವನ ಮೈ ಮುಟ್ಟುವುದು ಹೇಗೆಂದು ನಾನು ಹಿಂಜರಿದೆ. ಅಣ್ಣ ಮಣ್ಣಿಗೆ ನೀರು ಚಿಮುಕಿಸಿ ಅವರ ಎರಡು ಭುಜಗಳ ಹಿಂದೆ ಹಚ್ಚಿದ. ಮುದಿ ಬೆನ್ನು, ಚರ್ಮ ಜೋತುಬಿದ್ದಿತ್ತು. ಮಾವ ಹಾಗೇ ಹೋಗಿ ಅಪ್ಪನ ಮಂಚದ ಮುಂದೆ ನೆಲದ ಮೇಲೆ ಬೆನ್ನು ತೋರಿಸಿ ಕೂತರು.

ಅಪ್ಪ ಆ ಬೆನ್ನನ್ನು ನೋಡಿದರು. ಹೊರಗೆ ಮಿಷಿನ್‌ಗಳು ನಿಂತಿದ್ದವು, ಕೆಲಸದ ಹೆಣ್ಣುಮಕ್ಕಳು ಆಟೋ ಹತ್ತುತ್ತಿದ್ದ ಸದ್ದು ಕೇಳುತ್ತಿತ್ತು. ಅಪ್ಪನ ಮೂಗು ಅರಳಿತು. ಬಗ್ಗಿ ಒಂದು ಭುಜದ ಮೇಲೆ ಕೈ ಇಟ್ಟರು, ಆಮೇಲೆ ಇನ್ನೊಂದರ ಮೇಲೆ. ಹೆಗಲಿನ ಟವೆಲ್ ತೆಗೆದರು. ಮಗುವಿಗೆ ಸ್ನಾನ ಮಾಡಿಸಿ ಒರೆಸುವ ಹಾಗೆ, ಮೇಲಿನಿಂದ ಕೆಳಕ್ಕೆ, ಮೆಲ್ಲಗೆ ಆ ಮಣ್ಣನ್ನು ಒರೆಸತೊಡಗಿದರು.

"ಪೆಟ್ಟಾತೇನು ತಮ್ಮಾ?" ಅಂದರು.

ಮಾವ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವತ್ತು ರತ್ನಗಿರಿಯಲ್ಲಿ ಅಪ್ಪ ಬೆನ್ನು ಒರೆಸುತ್ತ ಕೇಳಿದ್ದೂ ಅದೇ ಮಾತಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. "ಇಲ್ಲಣ್ಣ, ಪೆಟ್ಟಾಗ್ಲಿಲ್ಲ" ಅಂದರು. ಬೀಗರೇ ಅನ್ನಲಿಲ್ಲ, ಅಣ್ಣ ಅಂದರು. ಅಪ್ಪ, "ಚಲೋ ಆಡಿದಿ. ಇನ್ನೂ ಸಣ್ಣಾವದಿ, ಮುಂದ ಗೆಲ್ತಿ" ಅಂದರು. ಮಡಕಶಿರದಿಂದ ತಿರುಗಿ ತಂದಿದ್ದ ಕಡಗವನ್ನು ನಾನು ಚೀಲದಿಂದ ತೆಗೆದುಕೊಟ್ಟೆ. ಮಾವ ಅದನ್ನು ಅಪ್ಪನ ಕೈಗೆ ಹಾಕಿದರು. ಅಪ್ಪ ತಡೆಯಲಿಲ್ಲ. ಆ ರಾತ್ರಿ ಎಲ್ಲರ ಜೊತೆ ಪಡಸಾಲೆಯಲ್ಲಿ ಕೂತು ಎರಡು ಜೋಳದ ರೊಟ್ಟಿ ತಿಂದರು. ನನ್ನ ಅಪ್ಪನನ್ನು ಅಪ್ಪನಾಗಿ ನಾನು ಕಂಡದ್ದು ಅವತ್ತೇ ಕೊನೆ.

ಬೆಳಿಗ್ಗೆ ಚಹಾ ಕೊಡಲು ಹೋದಾಗ ಕಡಗ ದಿಂಬಿನ ಪಕ್ಕ ಇತ್ತು. "ಅವ್ವಿ, ಇದನ್ನ ಮಡಕಶಿರಕ್ಕ ಕೊಟ್ಟು ಬಾ ಅಂದಿದ್ನಲ್ಲ, ಯಾಕ ಕೊಟ್ಟಿಲ್ಲ?" ಅಂದರು. ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಮಾವ ಇನ್ನೂ ಕೆಲವು ದಿನ ಅಲ್ಲೇ ಉಳಿದರು. ಮತ್ತೆ ಮಣ್ಣು ಹಚ್ಚಿಸಿಕೊಂಡು ಕೂತರು. ಅಪ್ಪ ಒಮ್ಮೆ, "ಯಾರ್ರಿ ಇವ್ರು, ಥಂಡಿ ಹತ್ತೀತು, ಅಂಗಿ ಕೊಡ್ರಿ" ಅಂದರು. ಇನ್ನೊಮ್ಮೆ ಹೆದರಿ ಗೋಡೆಗೆ ಸರಿದರು. ಆಮೇಲೆ ಅಣ್ಣನೇ ಬೇಡ ಅಂದ. ಮಡಕಶಿರದಲ್ಲಿ ರೇಷ್ಮೆ ಹುಳು ಕೊನೆಯ ಸಲ ಪೊರೆ ಬಿಡುವ ನಾಲ್ಕನೇ ಜ್ವರ ಮುಗಿಸಿ ಎದ್ದಿತ್ತು, ಹೊತ್ತುಹೊತ್ತಿಗೆ ಸೊಪ್ಪು ಹಾಕಲು ನನ್ನ ಗಂಡನೊಬ್ಬರೇ ಇದ್ದರು. ನಾವಿಬ್ಬರೂ ಹೊರಟೆವು. ಹೊರಡುವಾಗ ಅಪ್ಪ ಮಾವನಿಗೆ ಕೈ ಮುಗಿದು ಮತ್ತೆ ತಪ್ಪಾಯಿತು ಅಂದರು. ಮಾವ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಗೂಡು ಬಿಡಿಸಿ ಮುಗಿಯುವ ಮೊದಲೇ ಅಣ್ಣನ ಫೋನ್ ಬಂತು. ರಾತ್ರಿ ಮಲಗಿದವರು ಏಳಲಿಲ್ಲವಂತೆ. ತಾವು ಗೆದ್ದದ್ದು ನೆನಪಾಗಿ ಹೋದರೋ, ನಾಚಿಕೆಪಡುತ್ತಲೇ ಹೋದರೋ, ನನಗೆ ಗೊತ್ತಿಲ್ಲ. ಅತ್ತಿಗೆಯನ್ನು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮಲಗಿಸಿ ಅಲ್ಲ, ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಗುಂಡಿಯ ಒಂದು ಬದಿಯ ಗೋಡೆಯಲ್ಲಿ ಗೂಡಿನಂತೆ ಕೊರೆದು ಅದರೊಳಗೆ ಇಡುತ್ತಾರೆ. ಅಪ್ಪನನ್ನು ಹಾಗೆ ಕೂರಿಸುತ್ತಿರುವಾಗ ಮಾವ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಯಾರು ಬೇಡವೆಂದರೂ ಕೇಳದೆ ಗುಂಡಿಯೊಳಗೆ ಇಳಿದರು. ಮಂಡಿ ಹಿಡಿದು, ಗುಂಡಿಯ ಗೋಡೆಗೆ ಬೆನ್ನು ಕೊಟ್ಟು ಜಾರುತ್ತ ಇಳಿದರು. ತಂದಿದ್ದ ಬಿಲ್ವಪತ್ರೆಯನ್ನು ಬೊಗಸೆ ಬೊಗಸೆಯಾಗಿ ತೆಗೆದು ಅಪ್ಪನ ಬೆನ್ನಿಗೂ ಗೂಡಿನ ಗೋಡೆಗೂ ನಡುವೆ ತುಂಬಿದರು. "ಬೆನ್ನಿಗೆ ಮಣ್ಣು ತಗಲಬಾರ್ದು ಅಯ್ನೋರೇ. ಇವರ ಬೆನ್ನಿಗೆ ಯಾವತ್ತೂ ತಗಲಿಲ್ಲ" ಅಂದರು. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಹೂಂ ಅಂದರು.

ಆಮೇಲೆ ಮಾವ ಗುಂಡಿಯಲ್ಲೇ ನಿಂತು, ಬೀಗರ ಊಟದ ದಿನ ಕೂಗಿದ ಅದೇ ದನಿಯಲ್ಲಿ ಕೂಗಿದರು. ದನಿ ಮಾತ್ರ ಒಡೆದಿತ್ತು.

"ಎಲ್ರೂ ಕೇಳ್ರಪ್ಪೋ! ರತ್ನಗಿರೀಲಿ ಇವರು ನನ್ನ ಕೆಡವಿದ್ರು. ಎರಡೂ ಭುಜ ಮುಟ್ಟಿತ್ತು. ಬಿದ್ದೋನು ನಾನು ಹೇಳ್ತಾ ಇದೀನಿ."

ಜನರ ನಡುವೆ ಎಲ್ಲೋ ಒಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಬೀಗರು ಹಾಗೆ ಎದ್ದು ನಿಂತು ಕೂಗಿದರೆ ನಗಬೇಕು ಅನ್ನುವ ರೂಢಿಯಿಂದ. ಪಕ್ಕದವರು ತಿವಿದ ಮೇಲೆ ಸುಮ್ಮನಾದರು. ಅಪ್ಪ ಸತ್ತ ಸುದ್ದಿ ಕೇಳಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಮಾವನನ್ನು ಇಬ್ಬರು ಕೈ ಕೊಟ್ಟು ಮೇಲೆ ಎಳೆದುಕೊಂಡರು. ಎಲ್ಲರಂತೆ ಅವರೂ ಒಂದು ಹಿಡಿ ಮಣ್ಣು ಹಾಕಿ ತಿರುಗಿದರು. ಆಗ ನಾನು ನೋಡಿದೆ. ಗುಂಡಿಯ ಗೋಡೆಗೆ ಒರಗಿ ಇಳಿದಿದ್ದರಲ್ಲ, ಬಿಳಿ ಅಂಗಿಯ ಮೇಲೆ ಎರಡೂ ಭುಜಗಳ ಹಿಂದೆ ಕೆಮ್ಮಣ್ಣು ಹತ್ತಿತ್ತು. ಅಣ್ಣನೂ ನೋಡಿದ. ಕೈ ಎತ್ತಿದವನು ಹಾಗೇ ಇಳಿಸಿದ. ಅದನ್ನು ಒರೆಸಬೇಕಾದವರು ಒಳಗೆ ಕೂತಿದ್ದರು, ಅವರ ಮೇಲೆ ಆಗಲೇ ಮಣ್ಣು ಬೀಳುತ್ತಿತ್ತು. ಮಾವ ಅದೇ ಅಂಗಿಯಲ್ಲಿ ಬಸ್ಸು ಹತ್ತಿದರು. ಸೀಟಿಗೆ ಬೆನ್ನು ತಾಗಿಸದೆ, ಮಡಕಶಿರ ಬರುವವರೆಗೂ ಮುಂದಕ್ಕೆ ಬಾಗಿಯೇ ಕೂತಿದ್ದರು.